ಮೂರನೆಯ ಚೌಕ

ಬೆಳಿಗ್ಗೆ ಎಂಟಕ್ಕೆ ವಿಶ್ವವಿದ್ಯಾಲಯದ ಕಚೇರಿಯ ಗುಮಾಸ್ತೆ ಪ್ರಪಾ ಪರೀಕ್ಷೆಯ ಅರ್ಜಿಯನ್ನು ವಾಪಸು ಕೊಟ್ಟಳು. ಇದು ನಾಲ್ಕನೆಯ ಸಲ.

ಬುವಾಲೈ ಅದನ್ನು ಒದ್ದೆ ಕೈಯಲ್ಲೇ ಇಸಿದುಕೊಂಡಳು. ಎರಡು ಬುಟ್ಟಿ ಕಳಲೆ ಸುಲಿದು, ಹೆಚ್ಚಿ, ಒಲೆಗೇರಿಸಿ ಓಡಿ ಬಂದಿದ್ದಳು. ಬೆರಳುಗಳ ನವೆ ಇನ್ನೂ ಹೋಗಿರಲಿಲ್ಲ.

"ಈ ಸಲ ಏನಮ್ಮ ತಪ್ಪು?"

"ಅದೇ ಅಕ್ಕ, ಚೌಕ," ಅಂದಳು ಪ್ರಪಾ. ತಲೆ ಎತ್ತಲಿಲ್ಲ.

ಅರ್ಜಿಯ ತಲೆಯ ಮೇಲೆ ಎರಡು ಚೌಕಗಳಿದ್ದವು. ಒಂದರ ಪಕ್ಕ 'ಭಿಕ್ಷು' ಎಂದಿತ್ತು. ಇನ್ನೊಂದರ ಪಕ್ಕ 'ಗೃಹಸ್ಥರು' ಎಂದಿತ್ತು. ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು. ಮೊದಲ ಸಲ ಬುವಾಲೈ ಭಿಕ್ಷು ಎನ್ನುವುದಕ್ಕೆ ಹಾಕಿದಳು. ಹೆಂಗಸು ಭಿಕ್ಷು ಹೇಗಾಗುತ್ತಾಳೆ ಎಂದು ವಾಪಸು ಬಂತು. ಎರಡನೆಯ ಸಲ ಗೃಹಸ್ಥರಿಗೆ ಹಾಕಿದಳು. ತಲೆ ಬೋಳಿಸಿಕೊಂಡು ವಿಹಾರದಲ್ಲಿ ಬಿದ್ದಿರುವವಳು ಗೃಹಸ್ಥೆ ಹೇಗಾಗುತ್ತಾಳೆ ಎಂದು ವಾಪಸು ಬಂತು. ಮೂರನೆಯ ಸಲ ಎರಡಕ್ಕೂ ಹಾಕಿದಳು. ಒಂದಕ್ಕೇ ಹಾಕಬೇಕು ಎಂದರು. ನಾಲ್ಕನೆಯ ಸಲ ಎರಡನ್ನೂ ಖಾಲಿ ಬಿಟ್ಟಳು. ಖಾಲಿ ಬಿಡುವಂತಿಲ್ಲ ಎಂದರು. ಇಷ್ಟು ಸಣ್ಣ ಚೌಕದಲ್ಲಿ ಇಷ್ಟೊಂದು ಬುದ್ಧಿ ತುಂಬಿಸಿಟ್ಟವರು ಯಾರೋ ದೊಡ್ಡ ವಿದ್ವಾಂಸರೇ ಇರಬೇಕು.

ಬುವಾಲೈ ಮೇಚಿ. ತಲೆ, ಹುಬ್ಬು ಎರಡನ್ನೂ ಬೋಳಿಸಿಕೊಂಡು, ಬಿಳಿ ಬಟ್ಟೆ ಉಟ್ಟು, ಎಂಟು ಶೀಲಗಳ ವ್ರತ ಹಿಡಿದವಳು. ಆ ಸೀಮೆಯಲ್ಲಿ ಹೆಂಗಸಿಗೆ ಕಾವಿ ಕೊಡುವುದಿಲ್ಲ, ಬಿಳಿ ಕೊಡುತ್ತಾರೆ. ಬಿಳಿ ಎಂದರೆ ಏನು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಬಸ್ಸು ಹತ್ತಿದರೆ ಭಿಕ್ಷುಗಳಿಗೆ ಮುಂದಿನ ಸೀಟು, ಪುಕ್ಕಟೆ ಪಯಣ. ಮೇಚಿಗೆ, "ನೀವು ಸನ್ಯಾಸಿಗಳಲ್ಲವಲ್ಲಮ್ಮ, ಟಿಕೇಟು ತಗೊಳ್ಳಿ." ಚುನಾವಣೆಯ ದಿನ ಅದೇ ಮೇಚಿ ಮತಗಟ್ಟೆಗೆ ಹೋದರೆ, "ನೀವು ಸನ್ಯಾಸಿಗಳು, ಓಟು ಹಾಕೋ ಹಂಗಿಲ್ಲ, ಮನೆಗೆ ಹೋಗಿ." ಬಸ್ಸಿನಲ್ಲಿ ಒಂದು, ಮತಗಟ್ಟೆಯಲ್ಲಿ ಇನ್ನೊಂದು. ಎರಡರಲ್ಲೂ ನಷ್ಟ ಅವಳಿಗೇ.

"ಇವತ್ತೇ ಕೊನೆ ದಿನ ಅಂತ ಗೊತ್ತಲ್ವಾ ಪ್ರಪಾ?"

"ಗೊತ್ತು ಅಕ್ಕ."

ಪದವಿಗೆ ಸೇರಿದವರು ಏಳು ವರ್ಷದೊಳಗೆ ಪ್ರಬಂಧ ಬರೆದು ಮೌಖಿಕ ಪರೀಕ್ಷೆ ಕೊಡದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಬುವಾಲೈಯ ಏಳು ವರ್ಷ ಇವತ್ತಿಗೆ ಮುಗಿಯುತ್ತಿತ್ತು. ಪರೀಕ್ಷೆ ಮಧ್ಯಾಹ್ನ ಒಂದು ಗಂಟೆಗೆ. ರಾಜಧಾನಿಯಿಂದ ಹಿರಿಯ ಪರೀಕ್ಷಕರು ಆಗಲೇ ಬಂದಿಳಿದಿದ್ದರು. ಅರ್ಜಿ ದಾಖಲಾಗದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಪ್ರಬಂಧ ಗ್ರಂಥಾಲಯಕ್ಕೆ ಹೋಗುವುದಿಲ್ಲ.

ಆ ಪ್ರಬಂಧದಲ್ಲಿ ಹೆಸರುಗಳಿದ್ದವು. ಅದೇ ಮುಖ್ಯ.

ಬುವಾಲೈ ಇದ್ದ ದೊನ್ ಮಖಾಮ್ ವಿಹಾರದ ಆವರಣದಲ್ಲೇ ಭಿಕ್ಷುಗಳ ವಿಶ್ವವಿದ್ಯಾಲಯದ ಒಂದು ಶಾಖೆ ಇತ್ತು. ಅಲ್ಲಿ ಧರ್ಮಗಳ ಅಧ್ಯಯನ ಹೇಳಿಕೊಡುತ್ತಿದ್ದವರು ವಿರೋಟ್ ಗುರುಗಳು. ಕಾವಿಯುಟ್ಟ ಪ್ರಾಧ್ಯಾಪಕರು. ಒಳ್ಳೆಯವರೇ. ಕಳಲೆ ಸಾರು ಕಂಡರೆ ಪ್ರಾಣ. ತಮ್ಮ ಮಾತು ಕೇಳಿದರೆ ತಮಗೇ ಕಣ್ಣಲ್ಲಿ ನೀರು ಬರುವಷ್ಟು ಚೆನ್ನಾಗಿ ಪಾಠ ಮಾಡುತ್ತಿದ್ದರು.

"ಧರ್ಮ ಆಚರಿಸುವುದು ಬೇರೆ, ಧರ್ಮ ಓದುವುದು ಬೇರೆ," ಎಂದು ಅವರು ಮೊದಲ ದಿನವೇ ಹೇಳಿದ್ದರು. "ಚಪ್ಪಲಿ ಹೊರಗೆ ಬಿಟ್ಟು ಬಂದಿರಲ್ಲ, ನಂಬಿಕೆಯನ್ನೂ ಅಲ್ಲೇ ಬಿಟ್ಟು ಬನ್ನಿ. ನಿಮ್ಮ ಊರನ್ನೇ ಬೇರೆ ಊರಿನವರ ಕಣ್ಣಲ್ಲಿ ನೋಡಿ. ಯಾರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ, ಬರೆದುಕೊಳ್ಳಿ."

"ಹೋಗುವಾಗ ವಾಪಸು ಹಾಕ್ಕೋಬಹುದಾ ಗುರುಗಳೇ?" ಎಂದು ಹಿಂದಿನ ಸಾಲಿನಿಂದ ಬುವಾಲೈ ಕೇಳಿದ್ದಳು. ಇಡೀ ತರಗತಿ ನಕ್ಕಿತ್ತು. ಗುರುಗಳೂ ನಕ್ಕಿದ್ದರು. ಆದರೆ ಅವಳು ಅವರ ಮಾತನ್ನು ನಿಜವೆಂದೇ ತೆಗೆದುಕೊಂಡಳು. ಗುರುಗಳಿಗೆ ಆಗ ಅದು ತಿಳಿಯಲಿಲ್ಲ.

ಉಳಿದವರು ದೂರ ದೂರ ನೋಡಿದರು. ಒಬ್ಬ ಭಿಕ್ಷು ದಕ್ಷಿಣದ ಮಸೀದಿಗಳ ಮೇಲೆ ಬರೆದ. ಒಬ್ಬ ಇಗರ್ಜಿಯ ಗಂಟೆಗಳ ಮೇಲೆ ಬರೆದ. ಸೋಂಬಾತ್ ಎಂಬ ಹುಡುಗುಮುಖದ ಭಿಕ್ಷು ಜಪಾನಿನ ಗುಡಿಗಳ ಮೇಲೆ ಬರೆದ, ಕೂತಲ್ಲಿಂದ ಏಳದೆ, ಫೋನು ನೋಡಿಕೊಂಡು. ಅವನು ತೇರ್ಗಡೆಯಾದದ್ದೆಲ್ಲ ಬುವಾಲೈಯ ಟಿಪ್ಪಣಿ ಪುಸ್ತಕದ ಪುಣ್ಯದಿಂದ.

ಬುವಾಲೈ ತನ್ನ ಅಡುಗೆಮನೆ ನೋಡಿದಳು.

ಮೂವತ್ತೆರಡು ಭಿಕ್ಷುಗಳು, ಐದು ಮೇಚಿಯರು. ನಸುಕಿನಲ್ಲಿ ಎದ್ದು ಅಂಟಕ್ಕಿ ಬೇಯಿಸುವುದು. ಒರಳಲ್ಲಿ ಪರಂಗಿಕಾಯಿ ಕುಟ್ಟುವುದು. ಮೀನು ಸುಡುವುದು. ತಳ ಹಿಡಿದ ಪಾತ್ರೆ ಉಜ್ಜುವುದು. ಕಾವಿ ಬಟ್ಟೆ ಒಗೆಯುವುದು. ಖಂಪಾನ್ ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ, ಬೆನ್ನು ಬಾಗಿಲ ಚಿಲಕದ ಮಟ್ಟಕ್ಕೆ ಬಗ್ಗಿತ್ತು. ಮೂವತ್ತೊಂಬತ್ತು ವರ್ಷದಿಂದ ಅದೇ ಒಲೆಯ ಮುಂದೆ ಇದ್ದಳು. ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ವಿಹಾರದ ಯಾವ ದಾಖಲೆಯಲ್ಲೂ ಅವಳ ಹೆಸರಿರಲಿಲ್ಲ. ಬುವಾಲೈ ಎಲ್ಲವನ್ನೂ ಹೆಸರು ಸಮೇತ ಬರೆದುಕೊಂಡಳು, ಯಾರ ಕೈ ಸುಟ್ಟಿತು, ಯಾರ ಮೊಣಕಾಲು ಹೋಯಿತು, ಯಾರು ಸತ್ತಾಗ ಯಾರು ಅತ್ತರು. ಪ್ರತಿ ಅಧ್ಯಾಯ ಮುಗಿದಾಗಲೂ ಗುರುಗಳಿಗೆ ಕೊಟ್ಟಳು. ಹೆಂಗಸಿನ ಕೈಯಿಂದ ಭಿಕ್ಷು ನೇರವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಗುರುಗಳು ಹಳದಿ ಬಟ್ಟೆ ಹಾಸುತ್ತಿದ್ದರು, ಅವಳು ಅದರ ಮೇಲೆ ಇಡುತ್ತಿದ್ದಳು.

"ಇದರಲ್ಲಿ ಧರ್ಮ ಎಲ್ಲಿದೆ ಬುವಾಲೈ? ಬರೀ ಪಾತ್ರೆ ಇದೆಯಲ್ಲ," ಎಂದು ಒಮ್ಮೆ ಗುರುಗಳು ಕೇಳಿದರು.

"ನೀವೇ ಹೇಳಿದ್ರಲ್ಲ ಗುರುಗಳೇ, ಯಾರು ಏನು ಮಾಡ್ತಾರೆ ಬರ್ಕೊಳ್ಳಿ ಅಂತ. ಇಲ್ಲಿ ಮಾಡ್ತಾ ಇರೋದು ನಾವೇ."

ಗುರುಗಳೂ ಒಂದು ಪುಸ್ತಕ ಬರೆದಿದ್ದರು, ಜಗತ್ತಿನ ಧರ್ಮಗಳಲ್ಲಿ ಸ್ತ್ರೀಯ ಸ್ಥಾನದ ಮೇಲೆ. ಮುನ್ನೂರು ಪುಟ. ಮೇಚಿಯರಿಗೆ ಒಂದು ಪುಟ. ಅವರು ಸಂತೃಪ್ತರು ಎಂದು ಅದರಲ್ಲಿತ್ತು. ಬುವಾಲೈ ಅದನ್ನು ಅಜ್ಜಿಗೆ ಓದಿ ಹೇಳಿದಾಗ ಅಜ್ಜಿ ಕಣ್ಣರಳಿಸಿದಳು.

"ಯಾವಾಗ ಕೇಳಿದ್ರಂತೆ ನನ್ನ?"

"ಒಂದು ದಿನ ಬಂದು ಹೆಂಗಿದೀಯಾ ಅಜ್ಜಿ ಅಂದ್ರಲ್ಲ."

"ನಾನು ಸಾರು ಆರ್ತಾ ಇದೆ ಹೋಗಿ ಸ್ವಾಮಿ ಅಂದಿದ್ದೆ. ಅದು ಸಂತೃಪ್ತಿಯೇನೆ?"

ಈಗ ಆ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ದಾರಿ ಕಾಯುತ್ತಿದ್ದಳು. ಬುವಾಲೈಯ ಕೈಯಲ್ಲಿ ಕಾಗದ ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು.

"ಮತ್ತೆ ಬಂತಾ?"

"ಬಂತು."

"ಅಂದ್ರೆ ನನ್ನ ಹೆಸರು ಗ್ರಂಥಾಲಯಕ್ಕೆ ಹೋಗಲ್ಲ."

"ಇಲ್ಲ ಅಜ್ಜಿ."

ಅಜ್ಜಿ ಎದ್ದಳು. ಒಳಗೆ ಹೋಗಿ ಸಾರಿನ ಉಪ್ಪು ನೋಡಿದಳು. ಬುವಾಲೈಗೆ ಅದನ್ನು ನೋಡಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅಜ್ಜಿಯ ಕೈಯಿಂದ ಸೌಟು ತೆಗೆದು ಕೆಳಗಿಟ್ಟಳು. ಉಳಿದ ನಾಲ್ವರು ಮೇಚಿಯರನ್ನೂ ಕರೆದು ಮೆಲ್ಲಗೆ ಒಂದು ಮಾತು ಹೇಳಿದಳು. ನಾಲ್ವರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅಜ್ಜಿ ಕಿಸಕ್ಕನೆ ನಕ್ಕಳು.

ಹನ್ನೊಂದಕ್ಕೆ ಊಟದ ನಗಾರಿ ಬಾರಿಸಿದರು.

ಭಿಕ್ಷುಗಳು ಬಂದು ಜಗಲಿಯ ಮೇಲೆ ಸಾಲಾಗಿ ಕೂತರು. ಮೊದಲಿಗೆ ಹಿರಿಯ ಪರೀಕ್ಷಕರು, ಅವರ ಪಕ್ಕ ವಿರೋಟ್ ಗುರುಗಳು, ಪರೀಕ್ಷಾ ಸಮಿತಿಯ ಉಳಿದ ಮೂವರು, ಆಮೇಲೆ ಮಿಕ್ಕವರು. ಜಗಲಿಯ ಕೆಳಗೆ ತಗ್ಗು ಮೇಜುಗಳ ಮೇಲೆ ಊಟ ಸಿದ್ಧವಾಗಿತ್ತು. ಕಳಲೆ ಸಾರಿನ ಹಬೆ ಏಳುತ್ತಿತ್ತು. ಗುರುಗಳು ಹಳದಿ ಬಟ್ಟೆ ಹಾಸಿ ಕಾದರು.

ಯಾರೂ ಬರಲಿಲ್ಲ. ಐದು ಮೇಚಿಯರು ಬಾಗಿಲ ಬಳಿ ಚಾಪೆಯ ಮೇಲೆ ಕಾಲು ಮಡಿಚಿ, ಕೈಮುಗಿದು, ಬಹಳ ವಿನಯದಿಂದ ಕೂತಿದ್ದರು.

ಭಿಕ್ಷು ತಾನಾಗಿ ಅನ್ನಕ್ಕೆ ಕೈಹಾಕುವಂತಿಲ್ಲ. ಯಾರಾದರೂ ಎತ್ತಿ ಕೊಡಬೇಕು. ಎದುರಿಗೇ ಇದ್ದರೂ, ಹಸಿವಿನಿಂದ ಕಣ್ಣು ಕತ್ತಲೆ ಬಂದರೂ, ಕೊಡದೆ ಮುಟ್ಟಿದರೆ ಆ ಅನ್ನ ಕೆಟ್ಟಂತೆಯೇ. ಹನ್ನೆರಡು ದಾಟಿದರೆ ಮರುದಿನ ಬೆಳಗಿನವರೆಗೆ ಉಪವಾಸ. ದಿನವೂ ಕೊಡುತ್ತಿದ್ದವರು ಮೇಚಿಯರು. ಪೂರ್ಣ ದೀಕ್ಷೆಯಾಗದ ಮರಿ ಭಿಕ್ಷುಗಳು ಕೊಡಬಹುದಿತ್ತು, ಅವರು ರಜೆಗೆ ಊರಿಗೆ ಹೋಗಿದ್ದರು. ಊರವರೆಲ್ಲ ನಾಟಿಗೆಂದು ಗದ್ದೆಗೆ ಇಳಿದಿದ್ದರು.

"ಬುವಾಲೈ, ಹೊತ್ತಾಯ್ತಲ್ಲಮ್ಮ," ಅಂದರು ಗುರುಗಳು.

"ಹೌದು ಗುರುಗಳೇ, ಹೊತ್ತಾಯ್ತು."

"ಮತ್ತೆ?"

"ಕೊಡೋರು ಯಾರು ಅಂತ ಯೋಚನೆ ಮಾಡ್ತಾ ಇದೀವಿ."

"ದಿನಾ ನೀವೇ ಅಲ್ವೇ ಕೊಡೋದು?"

"ದಿನಾ ಕೊಡ್ತಿದ್ವಿ. ನಾವು ಗೃಹಸ್ಥರು ಅನ್ಕೊಂಡು ಕೊಡ್ತಿದ್ವಿ. ಅಲ್ಲ ಅಂತ ಕಚೇರಿಯಿಂದ ಬರೆದು ಕೊಟ್ಟಿದಾರೆ. ಕೆಳಗೆ ನಿಮ್ಮದೇ ರುಜು ಇದೆ."

"ಹಾಗಾದ್ರೆ ಸನ್ಯಾಸಿನಿಯರು ಅಂದ್ಕೊಂಡು ಕೊಡಿ."

"ಹಂಗಂದ್ಕೊಂಡ್ರೆ ನಾವೂ ಮೇಲೆ ಬಂದು ಕೂರಬೇಕಾಗತ್ತೆ. ಜಾಗ ಇದೆಯಾ?"

ಸಾಲಿನ ತುದಿಯಲ್ಲಿ ಸೋಂಬಾತ್ ಅಭ್ಯಾಸಬಲದಿಂದ ಸ್ವಲ್ಪ ಸರಿದು ಜಾಗ ಮಾಡಿದ. ಪಕ್ಕದವನು ಅವನ ತೊಡೆಗೆ ತಿವಿದ. ಎಳೆಯ ಭಿಕ್ಷುಗಳು ತುಟಿ ಕಚ್ಚಿಕೊಂಡು ನೆಲ ನೋಡಿದರು.

ಗುರುಗಳು ಗಂಟಲು ಸರಿಪಡಿಸಿಕೊಂಡರು. "ನೋಡು, ವಿನಯ ಗ್ರಂಥದಲ್ಲಿ ಭಿಕ್ಷುಗಳಿಗಿರೋ ನಿಯಮ ಸ್ಪಷ್ಟವಾಗಿದೆ. ದೀಕ್ಷೆ ಆಗದೋರು ಯಾರು ಬೇಕಾದ್ರೂ ಕೊಡಬಹುದು. ದೇವತೆ ಕೊಡಬಹುದು, ಮನುಷ್ಯರು ಕೊಡಬಹುದು, ಪ್ರಾಣಿ ಕೂಡ ಕೊಡಬಹುದು."

"ಗೊತ್ತು ಗುರುಗಳೇ, ಮೂರನೇ ಅಧ್ಯಾಯದಲ್ಲಿ ನಾನೇ ಬರೆದಿದೀನಿ. ನಿಯಮದಲ್ಲಿ ಪ್ರಾಣಿಗೂ ಜಾಗ ಇದೆ. ನಿಮ್ಮ ಅರ್ಜಿಯಲ್ಲಿ ನಮಗಿಲ್ಲ."

"ಬಾಗಿಲಲ್ಲಿ ನಾಯಿ ಮಲಗಿದೆ ಸ್ವಾಮಿ," ಅಂದಳು ಖಂಪಾನ್ ಅಜ್ಜಿ. "ಎಬ್ಬಿಸ್ಲಾ?"

ಹಿರಿಯ ಪರೀಕ್ಷಕರ ಹೊಟ್ಟೆ ಕುಲುಕಿತು. ನಗುವೋ ಹಸಿವೋ ತಿಳಿಯಲಿಲ್ಲ. ಗುರುಗಳ ಮುಖ ಕೆಂಪಾಯಿತು. ಸೋಂಬಾತನಿಗೆ ಕಣ್ಸನ್ನೆ ಮಾಡಿದರು. ಓಡಬಾರದ ಭಿಕ್ಷು ಓಡದಂತೆ ಓಡಿ ಹೋಗಿ ಕಚೇರಿಯಿಂದ ಪ್ರಪಾಳನ್ನು ಕರೆತಂದ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಮೂವತ್ತೈದು.

ಪ್ರಪಾ ಮೂರು ಸಲ ಅಡ್ಡಬಿದ್ದು ಎದ್ದಳು. ಮೇಜಿನ ಹತ್ತಿರ ಹೋದಳು. ಅಂಟು ಅನ್ನದ ಬುಟ್ಟಿಗೆ ಕೈಹಾಕಿದಳು.

"ಕೊಡಮ್ಮ ಕೊಡು," ಅಂದಳು ಅಜ್ಜಿ. "ನಿನಗೆ ಚೌಕ ಇದೆ."

ಪ್ರಪಾ ಬುಟ್ಟಿ ಕೆಳಗಿಟ್ಟಳು. ಆಮೇಲೆ ಗುರುಗಳ ಕಡೆ ತಿರುಗಿದಳು.

"ಎರಡು ವರ್ಷದ ಹಿಂದೆ ನಾನು ಕೇಳಿದ್ದೆ ಗುರುಗಳೇ. ಅರ್ಜಿ ಹೊಸದಾಗಿ ಅಚ್ಚು ಹಾಕಿಸ್ತಾ ಇದೀವಿ, ಮೇಚಿ ಅಂತ ಮೂರನೇ ಚೌಕ ಹಾಕಿಸೋಣ ಅಂತ. ನೀವು, 'ಅವರು ಅಲ್ಲೀವರೆಗೆ ಬರಲ್ಲ ಬಿಡು' ಅಂದ್ರಿ."

ಜಗಲಿಯ ಮೇಲಿನ ನಗು ನಿಂತುಹೋಯಿತು.

"ನನ್ನ ಊಟದ ಬಿಡುವು ಹನ್ನೆರಡಕ್ಕೆ ಶುರು," ಅಂದಳು ಪ್ರಪಾ. "ಈಗ ಕಚೇರಿ ಸಮಯ. ಬಡಿಸೋದು ನನ್ನ ಕೆಲಸ ಅಲ್ಲ." ಹೋಗಿ ಮೇಚಿಯರ ಚಾಪೆಯ ಮೇಲೆ ಕೂತಳು. ಕೂತ ಮೇಲೆ ತಾನು ಮಾಡಿದ್ದಕ್ಕೆ ತಾನೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡಳು.

ಬುವಾಲೈಗೆ ಇದು ಗೊತ್ತಿರಲಿಲ್ಲ. ಮರೆತಿದ್ದಾರೆ ಅಂದುಕೊಂಡಿದ್ದಳು. ದೊಡ್ಡವರಿಗೆ ದೊಡ್ಡ ದೊಡ್ಡ ಯೋಚನೆಗಳಿರುತ್ತವೆ, ಚೌಕ ಮರೆತಿರುತ್ತಾರೆ ಅಂದುಕೊಂಡಿದ್ದಳು. ಮರೆತಿರಲಿಲ್ಲ. ಯೋಚಿಸಿಯೇ ಬಿಟ್ಟಿದ್ದರು. ಏಳು ವರ್ಷ ಅವರ ಎದುರು ಕೂತು ಪಾಠ ಕೇಳಿದ್ದಳು. ಅವರ ಪುಸ್ತಕದ ಕರಡು ತಿದ್ದಿಕೊಟ್ಟಿದ್ದಳು. ಬೆಳಗಿನಿಂದ ನಿಂತ ಕಾಲಲ್ಲಿ ಅಡುಗೆ ಮಾಡಿ, ಊದಿದ ಪಾದಗಳನ್ನು ಬೆಂಚಿನ ಕೆಳಗೆ ಅಡಗಿಸಿಕೊಂಡು ಬರೆದಿದ್ದಳು. ಆ ಏಳೂ ವರ್ಷ ಅವರು ಅವಳನ್ನು ನೋಡಿ, ಇವಳು ಅಲ್ಲಿಯವರೆಗೆ ಬರುವುದಿಲ್ಲ ಎಂದುಕೊಂಡೇ ಪಾಠ ಮಾಡಿದ್ದರು. ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಬರೀ ಸಿಟ್ಟು.

ಅವಳು ಎದ್ದು ನಿಂತಳು. ಭಿಕ್ಷುಗಳು ಕೂತಿರುವಾಗ ಮೇಚಿ ನಿಲ್ಲಬಾರದು. ನಿಂತಳು.

"ಬಂದಿದೀನಿ ಗುರುಗಳೇ," ಅಂದಳು. "ನೋಡಿ. ಇಲ್ಲೀವರೆಗೂ ಬಂದಿದೀನಿ."

ಗುರುಗಳು ಹಳದಿ ಬಟ್ಟೆಯ ಅಂಚನ್ನು ಮಡಿಸಿದರು, ಬಿಡಿಸಿದರು. ಅವರಿಗೆ ನಾಚಿಕೆಯಾಗಿತ್ತು. ಒಳ್ಳೆಯವರೇ ಎಂದೆನಲ್ಲ. ಆದರೆ ಒಳ್ಳೆಯವರಿಗೆ ನಾಚಿಕೆಯಾಗಲು ಊಟ ತಪ್ಪಬೇಕಾಯಿತು.

"ಆಯ್ತು," ಅಂದರು. "ಗೃಹಸ್ಥರು ಅಂತ ಗುರುತು ಹಾಕು. ನಾನು ಒಪ್ಪಿ ರುಜು ಹಾಕ್ತೀನಿ. ಒಂದು ಗಂಟೆಗೆ ಪರೀಕ್ಷೆ. ಸರಿ ತಾನೇ?"

ಸರಿಯೇ ಇತ್ತು. ಒಂದು ಗುರುತು ಹಾಕಿದರೆ ಪರೀಕ್ಷೆ ಆಗುತ್ತಿತ್ತು. ಪ್ರಬಂಧ ಗ್ರಂಥಾಲಯಕ್ಕೆ ಹೋಗುತ್ತಿತ್ತು. ಪ್ರಪಾ ಪೆನ್ನು ಮುಂದೆ ಚಾಚಿದಳು. ಬುವಾಲೈ ಅದನ್ನು ಮುಟ್ಟಲಿಲ್ಲ.

"ಇಲ್ಲ ಗುರುಗಳೇ."

"ಇನ್ನೇನು ಬೇಕು ನಿನಗೆ?"

"ಒಂಬತ್ತು ವರ್ಷದಿಂದ ತಲೆ ಬೋಳಿಸ್ಕೊಂಡಿದೀನಿ. ಅಜ್ಜಿ ಮೂವತ್ತೊಂಬತ್ತು ವರ್ಷದಿಂದ. ನಾವು ಗೃಹಸ್ಥರು ಅಂತ ನಾನೇ ಬರೆದುಕೊಟ್ರೆ ಅಷ್ಟೂ ವರ್ಷ ಸುಳ್ಳಾಗತ್ತೆ. ನಮಗೆ ಇನ್ನೊಬ್ಬರ ಚೌಕ ಬೇಡ. ನಮ್ಮದು ಹಾಕಿ. ಮೇಚಿ ಅಂತ ಬರೀರಿ."

"ಅದು ನನ್ನೊಬ್ಬನ ಕೈಲಿಲ್ಲಮ್ಮ. ಅರ್ಜಿ ಬದಲಾಯಿಸಬೇಕಾದ್ರೆ ಸಮಿತಿ ಸೇರಬೇಕು, ಐದೂ ಜನ ಸದಸ್ಯರು ಒಂದೇ ಕಡೆ ಕೂರಬೇಕು, ಅವರವರ ಅನುಕೂಲ ನೋಡಿ ದಿನ ಗೊತ್ತುಮಾಡಿ…"

"ಐದೂ ಜನ ಇಲ್ಲೇ ಕೂತವ್ರಲ್ಲ ಸ್ವಾಮಿ," ಅಂದಳು ಅಜ್ಜಿ. "ಬೇರೆ ಕೆಲಸನೂ ಇದ್ದಂಗಿಲ್ಲ."

ಈ ಸಲ ಹಿರಿಯ ಪರೀಕ್ಷಕರು ತಡೆದುಕೊಳ್ಳಲಾರದೆ ನಕ್ಕರು. ನಕ್ಕು ಗಡಿಯಾರ ನೋಡಿದರು. ಹನ್ನೊಂದು ನಲವತ್ತೈದು. ನಗು ಸ್ವಲ್ಪ ಸಣ್ಣದಾಯಿತು.

"ವಿರೋಟ್, ಸಮಿತಿ ಸೇರಿದೆ ಅಂತ ಬರ್ಕೊಳ್ಳಿ," ಅಂದರು. "ವಿಷಯ ಒಂದೇ. ಯಾರಿಗಾದ್ರೂ ಆಕ್ಷೇಪಣೆ ಇದೆಯಾ?"

ಸದಸ್ಯರೊಬ್ಬರು ಬಾಯಿ ತೆರೆದರು. ಸಾರಿನ ಹಬೆ ಅವರ ಕಡೆಗೇ ತಿರುಗಿತು. ಬಾಯಿ ಮುಚ್ಚಿದರು.

ಪ್ರಪಾ ಬುವಾಲೈಯ ಹತ್ತಿರವಿದ್ದ ಅರ್ಜಿಯನ್ನು ತೆಗೆದು ಹಳದಿ ಬಟ್ಟೆಯ ಮೇಲಿಟ್ಟಳು. ಗುರುಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಇದ್ದ ಎರಡು ಚೌಕಗಳ ಕೆಳಗೆ, ಅಂಚಿನಲ್ಲಿ, ಒಂದು ಚೌಕ ಬರೆದರು. ಪಕ್ಕದಲ್ಲಿ 'ಮೇಚಿ' ಎಂದು ಬರೆದರು. ಐವರೂ ರುಜು ಹಾಕಿದರು. ಬುವಾಲೈ ಕಾಗದ ತೆಗೆದುಕೊಂಡು ನೋಡಿದಳು. ಚೌಕ ಹೆಸರುಕಾಳಿನಷ್ಟಿತ್ತು.

"ಚಿಕ್ಕದಾಯ್ತು ಗುರುಗಳೇ."

"ಏನು?"

"ಚೌಕ. ಉಳಿದೆರಡು ದೊಡ್ಡದಿವೆ. ಇದರಲ್ಲಿ ಗುರುತು ಹಾಕಿದ್ರೆ ಕಾಣಲ್ಲ."

"ಹನ್ನೊಂದು ನಲವತ್ತೊಂಬತ್ತು ಬುವಾಲೈ!"

"ಹಂಗಾದ್ರೆ ಬೇಗ ಬರೀರಿ."

ಕಾಗದ ಮತ್ತೆ ಹಳದಿ ಬಟ್ಟೆಗೆ ಹೋಯಿತು, ಗುರುಗಳು ಬರೆದರು. ಈ ಸಲ ನಾಲ್ಕು ಗೆರೆಗಳೂ ಉದ್ದ ಬಂದವು. ಎರಡು ಚೌಕಗಳ ಸಾಲಿಗೆ ಸರಿಯಾಗಿ, ಅವುಗಳಷ್ಟೇ ದೊಡ್ಡದಾಗಿ. ಬುವಾಲೈ ಕಾಗದವನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಅದರೊಳಗೆ ಗುರುತು ಹಾಕಿದಳು. ಪೆನ್ನು ಒತ್ತಿದ ಜೋರಿಗೆ ಕಾಗದ ಸ್ವಲ್ಪ ಹರಿಯಿತು. ಪ್ರಪಾ ಅಲ್ಲೇ ಮೊಹರು ಒತ್ತಿದಳು. ಮೊಹರನ್ನು ಜೇಬಿನಲ್ಲಿ ಹಾಕಿಕೊಂಡೇ ಬಂದಿದ್ದಳು ಎಂಬುದನ್ನು ಗುರುಗಳು ಗಮನಿಸಿದರು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೂವತ್ತಮೂರು ಜೊತೆ ಕಣ್ಣುಗಳು ಬುವಾಲೈಯ ಕೈಗಳನ್ನೇ ನೋಡುತ್ತಿದ್ದವು. ಅಭ್ಯಾಸವಾಗಿದ್ದ ಕೈಗಳು ತಾವಾಗಿಯೇ ಸಾರಿನ ಪಾತ್ರೆಯ ಕಡೆ ಹೋದವು.

"ನೀನು ಕೂತ್ಕೋ," ಅಂದಳು ಖಂಪಾನ್ ಅಜ್ಜಿ.

ಅಜ್ಜಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಒಂದು ತಟ್ಟೆ ತೆಗೆದುಕೊಂಡಳು. ಅಂಟು ಅನ್ನ ಒಂದು ಮುದ್ದೆ, ಸುಟ್ಟ ಮೀನಿನ ನಡುತುಂಡು, ಒಂದು ಬಟ್ಟಲು ಕಳಲೆ ಸಾರು. ಎಲ್ಲವನ್ನೂ ಹಿಡಿದುಕೊಂಡು, ಬಗ್ಗಿದ ಬೆನ್ನಿನಲ್ಲೇ, ಭಿಕ್ಷುಗಳ ಸಾಲಿನ ಮುಂದೆ ಆ ತುದಿಯಿಂದ ಈ ತುದಿಯವರೆಗೆ ನಡೆದಳು. ಬುವಾಲೈಯ ಮುಂದೆ ತಂದು ಇಟ್ಟಳು.

ಜಗಲಿಯ ಮೇಲೆ ಎಲ್ಲರ ತಲೆಯೂ ಆ ತಟ್ಟೆಯ ಹಿಂದೆಯೇ ತಿರುಗಿತು.

"ಅಜ್ಜೀ," ಅಂದರು ವಿರೋಟ್ ಗುರುಗಳು ಮೆಲ್ಲಗೆ, "ನಮಗೆ?"

"ಬಂದೆ ಸ್ವಾಮಿ, ಒಂದು ನಿಮಿಷ," ಅಂದಳು ಅಜ್ಜಿ. "ಈ ಹುಡುಗಿಗೆ ಒಂದು ಗಂಟೆಗೆ ಪರೀಕ್ಷೆ ಇದೆ."